ಮಡಿಕೇರಿಯ ಗದ್ದಿಗೆಗಳು

ಉಗಾರ ಖುರ್ದದ ಬಳಿ ಹರಿಯುವ ಕೃಷ್ಣೆಯೂ ಕೊಡಗಿನ ಕಾವೇರಿಯೂ ಸಹ್ಯಾದ್ರಿಯ ಮಕ್ಕಳೇ. ಕೃಷ್ಣಾತೀರದ ಬಯಲಿನಿಂದ ದಕ್ಷಿಣಕ್ಕೆ ಯಾತ್ರೆ ಹೊರಟ ಭಕ್ತನು ಅದೇ ಸಹ್ಯಾದ್ರಿಯ ಮೇಲೆ, ಸುಮಾರು 3,800 ಅಡಿ ಎತ್ತರದಲ್ಲಿ, ವೀರಶೈವ ಅರಸರ ರಾಜಧಾನಿಯಾಗಿದ್ದ ಮಡಿಕೇರಿಯನ್ನು ಕಾಣುವನು. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ಇಲ್ಲಿ ರಾಜಧಾನಿಯನ್ನು ಸ್ಥಾಪಿಸಿದನು. ಲಿಂಗರಾಜೇಂದ್ರನು 1812-14ರಲ್ಲಿ ಕೋಟೆಯೊಳಗಿನ ಅರಮನೆಯನ್ನೂ 1820ರಲ್ಲಿ ಓಂಕಾರೇಶ್ವರ ದೇವಾಲಯವನ್ನೂ ಕಟ್ಟಿಸಿದನು.

ಗದ್ದಿಗೆಯೆಂಬ ಮಾತಿಗೆ ಸಿಂಹಾಸನವೆಂದೂ ಸಮಾಧಿಯೆಂದೂ ಎರಡರ್ಥಗಳುಂಟು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದಾಗ ಹಾಲೇರಿಯವರ ಸಿಂಹಾಸನವು ಅಳಿಯಿತು. ಆ ಅರಸನು ಕಾಶಿಯಲ್ಲಿ ಸೆರೆಯಿದ್ದು, 1852ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನಲ್ಲಿಯೇ ಕಾಲವಾದನು. ಹಿರಿಯರ ಬಳಿಯ ಮಣ್ಣು ಅವನಿಗೆ ದೊರೆಯಲಿಲ್ಲ.

ಆ ಹಿರಿಯರ ಸಮಾಧಿಗಳಾದರೋ ಊರಿನ ಎತ್ತರದ ನೆಲೆಯಲ್ಲಿ ಇಂದಿಗೂ ನಿಂತಿವೆ. ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ತಂತಮ್ಮ ರಾಣಿಯರೊಡನೆ ಅಲ್ಲಿಯ ಗುಮ್ಮಟಗಳ ಕೆಳಗೆ ಲಿಂಗೈಕ್ಯರಾಗಿದ್ದಾರೆ. ಅವರ ಮಗ್ಗುಲಲ್ಲಿಯೇ ರಾಜಗುರು ರುದ್ರಪ್ಪನವರ ಗದ್ದಿಗೆಯೂ ಇದೆ. ರಾಜ್ಯವು ಹೋದರೂ ಗುರುಶಿಷ್ಯರ ಸಾಮೀಪ್ಯವು ಉಳಿಯಿತು. ಕೋಟೆ ಅರಮನೆಗಳನ್ನು ನೋಡಿದ ಯಾತ್ರಿಕನು ಅಲ್ಲಿಗೂ ಹೋಗಿ ತಲೆಬಾಗಿ ಬರತಕ್ಕದ್ದು.