ಉತಾರದ ಹಿಂದಿನ ದಫ್ತರಗಳು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ ಕಡೆಯ ರೈತ ‘ಉತಾರ’ ಎಂದು ಕೇಳಿ ಪಡೆಯುವ ಹಾಳೆಯಲ್ಲಿ ಎರಡು ನಮೂನೆಗಳು ಕೂಡಿವೆ. ಹೊಲ ಯಾರದೆಂದು ಹೇಳುವುದು ಗ್ರಾಮ ನಮೂನೆ 7, ಅದರಲ್ಲಿ ಏನು ಬೆಳೆದಿದೆ ಎಂದು ಹೇಳುವುದು ನಮೂನೆ 12. ಮಾಲೀಕನ ಹೆಸರಿನ ಜೊತೆಗೊಂದು ಸಂಖ್ಯೆ ಇರುತ್ತದೆ. ಹೊಲ ವಾರಸಾದಿಂದ ಬಂತೋ ಖರೀದಿಯಿಂದಲೋ ತಿಳಿಯಬೇಕಾದರೆ ಆ ಸಂಖ್ಯೆ ಹಿಡಿದು ನಮೂನೆ 6ಕ್ಕೆ, ಅಂದರೆ ಹಕ್ಕಿನ ಬದಲಾವಣೆ ಬರೆಯುವ ಫೇರಫಾರ ಪುಸ್ತಕಕ್ಕೆ ಹೋಗಬೇಕು. ತಕರಾರಿದ್ದರೆ ಅದಕ್ಕೆ ಬೇರೆಯೇ ವಹಿ. ಒಬ್ಬನ ಖಾತೆಯಲ್ಲಿರುವ ಒಟ್ಟು ಜಮೀನಿಗೆ ನಮೂನೆ 8-ಅ, ಅದೂ ಊರೂರಿಗೆ ಪ್ರತ್ಯೇಕ. ಕೇಳುವವನಿಗೆ ಪ್ರಶ್ನೆ ಒಂದೇ. ಉತ್ತರ ಮಾತ್ರ ಕೇಳಿದಾಗಲೆಲ್ಲ ನಾಲ್ಕು ಕಡೆಯಿಂದ ಕೂಡಿಬರಬೇಕು. ಇಂಥ ಕಡೆ ಆಗುವ ತಡಕ್ಕೆ ಮಾಹಿತಿಯ ರಾಶಿಯನ್ನೋ ಗುಮಾಸ್ತನ ಆಲಸ್ಯವನ್ನೋ ದೂರುವುದು ರೂಢಿ. ನನ್ನ ವಾದ ಬೇರೆ: ದಫ್ತರ ಬರೆಯುವವನ ಅನುಕೂಲಕ್ಕೆ ಹುಟ್ಟಿತು, ಕೇಳುವವನು ಆಮೇಲೆ ಬಂದ.

ಇತಿಹಾಸವೂ ಅದನ್ನೇ ಹೇಳುತ್ತದೆ. 1836ರ ಸುಮಾರಿಗೆ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮುಂಬಯಿ ಸರ್ವೆ ಪದ್ಧತಿಗೆ ಬೇಕಾಗಿದ್ದುದು ತೆರಿಗೆ. ಆದ್ದರಿಂದ ಲೆಕ್ಕದ ಘಟಕ ಮನುಷ್ಯನಲ್ಲ, ಸರ್ವೆ ನಂಬರು. ಹಕ್ಕಿನ ದಾಖಲೆಗೆ ಕಾನೂನು ಬಂದದ್ದು 1903ರಲ್ಲಿ. ಹಕ್ಕು ಆ ನಂಬರಿನ ಮೇಲೇರಿ ಕೂತಿತು. ಜತ್ತಿನಲ್ಲಿ ಆಮೇಲೆ ಆಳುವವರೂ ಬರೆಯುವವರೂ ಬದಲಾದರು: ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಬಂತು, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರಾಯಿತು. 1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದು ಮಾಡಿದ ಮೇಲೆ ವಹಿಗಳು ಸರ್ಕಾರಿ ತಲಾಠಿಯ ಕೈಗೆ ಬಂದವು. ಊರಿನ ಮಾತು ಕನ್ನಡ, ದಫ್ತರ ಮರಾಠಿ, ಹಳೆಯ ಕಾಗದಗಳಾದರೆ ಮೋಡಿ ಲಿಪಿಯಲ್ಲಿ. ಒಬ್ಬನೇ ಬಸಪ್ಪ ಒಂದು ಪುಟದಲ್ಲಿ ಬಸಾಪ್ಪಾ, ಇನ್ನೊಂದರಲ್ಲಿ ಬಸವಪ್ಪಾ ಆಗಿಬಿಟ್ಟರೆ ನಂಬರು ಹಿಡಿದು ಬಂದವನಿಗೆ ತೊಂದರೆಯಿಲ್ಲ. ಹೆಸರು ಹಿಡಿದು ಬಂದವನು ಮಾತ್ರ ಪುಟಪುಟವನ್ನೂ ತಿರುವಬೇಕು.

ಕಂಪ್ಯೂಟರಿನ ದತ್ತಾಂಶ ವ್ಯವಸ್ಥೆ ಇದೇ ದಾರಿಯಲ್ಲಿ ನಡೆದದ್ದು ಕುತೂಹಲದ ಸಂಗತಿ. 1970ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಸಿಸ್ಟಂ ಆರ್, ತನ್ನೊಳಗಿನ ಕೋಷ್ಟಕಗಳ ವಿವರವನ್ನೂ ಕೋಷ್ಟಕಗಳಲ್ಲೇ ಇಟ್ಟಿತು. 1985ರಲ್ಲಿ ಕೋಷ್ಟಕ ಮಾದರಿಯ ಜನಕ ಕಾಡ್ ಅದನ್ನು ನಿಯಮವೆಂದೇ ಹೇಳಿದ: ವ್ಯವಸ್ಥೆಯ ಸೂಚಿಯನ್ನೂ ಮಿಕ್ಕ ಮಾಹಿತಿಯಂತೆಯೇ ಪ್ರಶ್ನಿಸಲು ಬರಬೇಕು. ಆದರೆ ಈ ಸೂಚಿಯ ಮೂಲ ವಹಿಗಳು ಯಂತ್ರದ ದಿನನಿತ್ಯದ ಕೆಲಸಕ್ಕೆಂದು ಇರುವಂಥವು. ಅವುಗಳಲ್ಲಿ ವಸ್ತುಗಳನ್ನು ಗುರುತಿಸುವುದು ಆಂತರಿಕ ಸಂಖ್ಯೆಗಳಿಂದ. ನಮಗೆ ಓದಲು ಬರುವಂತೆ ಜೋಡಿಸಿ ತೋರಿಸುವ ‘ವ್ಯೂ’ ತೆರೆದಾಗ ಹಲವು ವಹಿಗಳನ್ನು ಸಂಖ್ಯೆಯಿಂದ ಸಂಖ್ಯೆಗೆ ಹೊಂದಿಸಬೇಕು. ಪೋಸ್ಟ್‌ಗ್ರೆಸ್‌ನಂಥ ವ್ಯವಸ್ಥೆಯಲ್ಲಿ, ಕೇಳುತ್ತಿರುವವನಿಗೆ ಅದನ್ನು ನೋಡುವ ಹಕ್ಕಿದೆಯೇ ಎಂದು ಸಾಲುಸಾಲಿಗೂ ತಪಾಸಣೆ ನಡೆಯುತ್ತದೆ. ಸಾವಿರಾರು ಕೋಷ್ಟಕಗಳಿರುವಲ್ಲಿ ಈ ತಪಾಸಣೆಯೇ ಭಾರ. ಇದರ ಮೇಲೆ, ಯಾವ ವಹಿ ಎಷ್ಟು ದಪ್ಪ ಎಂಬ ಅಂದಾಜು ಹಳತಾಗಿದ್ದರೆ ಯಂತ್ರ ತಪ್ಪು ವಹಿಯಿಂದ ಹುಡುಕಾಟ ಶುರುಮಾಡುತ್ತದೆ.

ಕಾಗದ ಹೋಗಿ ಕಂಪ್ಯೂಟರು ಬಂದ ಮೇಲೆ ಈ ಮಾತಿಗೆ ಅರ್ಥವೇನು, ಎಂದು ಕೇಳಬಹುದು. ಮಹಾರಾಷ್ಟ್ರದಲ್ಲಿ ಡಿಜಿಟಲ್ ಸಹಿಯ ಸಾತ್‌ಬಾರಾ (ಇದೇ 7-12ರ ಉತಾರ) 2018ರಿಂದ ಸಿಗುತ್ತಿದೆ; ಒಂದು ಸರ್ವೆ ನಂಬರಿನ ಹಾಳೆ ಈಗ ಬೇಗ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾಧ್ಯಮ ಬದಲಾದ ಮಾತ್ರಕ್ಕೆ ತಡ ಹೋಗುವುದಿಲ್ಲ ಎಂಬುದಕ್ಕೆ ಇನ್ನೊಂದು ದತ್ತಾಂಶ ವ್ಯವಸ್ಥೆಯಾದ ಮೈಎಸ್‌ಕ್ಯುಎಲ್ ಸಾಕ್ಷಿ. ಅದೂ ಯಂತ್ರವೇ, ಆದರೂ ಅದರ ಹಳೆಯ ಆವೃತ್ತಿಗಳಲ್ಲಿ ಪ್ರತಿ ಕೋಷ್ಟಕದ ವಿವರ ಡಿಸ್ಕಿನಲ್ಲಿ ಪ್ರತ್ಯೇಕ ಕಡತವಾಗಿತ್ತು. ಸೂಚಿಯನ್ನು ಪ್ರಶ್ನಿಸಿದರೆ ಆ ಕಡತಗಳನ್ನು ಒಂದೊಂದಾಗಿ ತೆರೆದು ತಾತ್ಕಾಲಿಕ ಕೋಷ್ಟಕ ಕಟ್ಟಬೇಕಿತ್ತು. ಗುಣವಾದದ್ದು 2018ರ 8.0 ಆವೃತ್ತಿಯಲ್ಲಿ, ವೇಗದ ಯಂತ್ರದಿಂದಲ್ಲ. ವಿವರಗಳನ್ನೆಲ್ಲ ಒಂದೇ ನಿಘಂಟಿಗೆ ತಂದು, ಕೇಳುವ ರೀತಿಗೆ ತಕ್ಕಂತೆ ಜೋಡಿಸಿದ್ದರಿಂದ.

ಹಾಗಾದರೆ ಉತ್ತರವನ್ನು ಮೊದಲೇ ಸಿದ್ಧಮಾಡಿ ಇಡಬಾರದೇಕೆ? ಇದು ಹೆಚ್ಚು ಗಟ್ಟಿಯಾದ ಆಕ್ಷೇಪ, ಮತ್ತು ನಮೂನೆ 8-ಅ ಅಂಥದೇ ಪ್ರಯತ್ನ. ಹೊಲಗಳ ವಹಿಯಲ್ಲಿ ಆಗಲೇ ಇರುವುದನ್ನು ಖಾತೆದಾರನ ಹೆಸರಿನ ಕೆಳಗೆ ಮತ್ತೊಮ್ಮೆ ಬರೆದಿಡುವುದು. ಆದರೆ ಎರಡು ಕಡೆ ಬರೆದದ್ದನ್ನು ಎರಡು ಕಡೆಯೂ ತಿದ್ದಬೇಕು. ಒಂದು ಕಡೆ ಮರೆತರೂ 7ಕ್ಕೂ 8-ಅಗೂ ತಾಳೆ ತಪ್ಪುತ್ತದೆ, ಆಗ ಯಾವುದು ನಿಜವೆಂದು ಹೇಳಲು ಮತ್ತೆ ಫೇರಫಾರಕ್ಕೇ ಹೋಗಬೇಕು. ಫೇರಫಾರದ ನೋಂದಣಿಯೂ ಬರೆದ ದಿನವೇ ಕಾಯಂ ಆಗುವುದಿಲ್ಲ. ತಕರಾರಿಗೆಂದು 15 ದಿನಗಳ ನೋಟಿಸು ಇದೆ. ಈ ತಡ ಬೇಕೆಂದೇ ಇಟ್ಟದ್ದು, ತೆಗೆದರೆ ಹಕ್ಕಿಗೇ ಅಪಾಯ. ಮೈಎಸ್‌ಕ್ಯುಎಲ್ 8.0 ಕೂಡ ಕೋಷ್ಟಕಗಳ ಸಾಲು, ಗಾತ್ರಗಳ ಅಂದಾಜನ್ನು ಒಮ್ಮೆ ಲೆಕ್ಕಹಾಕಿ 24 ಗಂಟೆ ಹಾಗೆಯೇ ಇಟ್ಟುಕೊಳ್ಳುತ್ತದೆ. ಉತ್ತರ ತಕ್ಷಣ ಬರುತ್ತದೆ, ನಿನ್ನೆಯದಾಗಿರಲೂಬಹುದು. ಈ ಹೊತ್ತಿನ ಅಂಕಿಯೇ ಬೇಕೆನ್ನುವವರು ಆ ಅವಧಿಯನ್ನು ಸೊನ್ನೆಗಿಳಿಸಬಹುದು. ಆಗ ಪ್ರತಿ ಪ್ರಶ್ನೆಗೂ ಹೊಸದಾಗಿ ಲೆಕ್ಕಹಾಕುವ ಹಳೆಯ ತಡವನ್ನು ಒಪ್ಪಿಕೊಳ್ಳಬೇಕು.