ರೇವಾ: ಬೆಂಗಳೂರಿನ ವಿದ್ಯುತ್ ಕಾರಿನ ಏಳುಬೀಳು

ಕರ್ನಾಟಕದ ಕೈಗಾರಿಕಾ ಇತಿಹಾಸವನ್ನು ಕುರಿತ ಬರವಣಿಗೆಯಲ್ಲಿ ವಿಮಾನ, ಕೈಗಡಿಯಾರ, ದೂರವಾಣಿ ಉಪಕರಣ, ಉಕ್ಕು ಮತ್ತು ರೇಷ್ಮೆಗೆ ದೊರೆತ ಸ್ಥಾನ ಮೋಟಾರು ವಾಹನಗಳಿಗೆ ದೊರೆತಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿ ಮೋಟಾರ್ ಸೈಕಲ್‌ಗಳ ನೆನಪು ಅಭಿಮಾನಿಗಳಲ್ಲಿ ಉಳಿದಿದೆ. ಬೆಂಗಳೂರಿನಲ್ಲಿ ನಡೆದ ಕಾರು ತಯಾರಿಕೆಯ ಪ್ರಯತ್ನಗಳಿಗಾದರೋ ಆ ಭಾಗ್ಯವೂ ಇಲ್ಲ. 1970ರ ದಶಕದಲ್ಲಿ ಇಲ್ಲಿ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರು ತಯಾರಾಯಿತು. ಅದನ್ನು ತಯಾರಿಸಿದ ಸಂಸ್ಥೆಯೇ ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸವನ್ನು ಆಧರಿಸಿ, ಫೈಬರ್ ಗಾಜಿನ ಮೈಯುಳ್ಳ ಡಾಲ್ಫಿನ್ ಕಾರನ್ನು 1982ರಲ್ಲಿ ಹೊರತಂದಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್‌ಗೆ ಮಾರುಕಟ್ಟೆಯಲ್ಲಿ ನೆಲೆ ಸಿಗಲಿಲ್ಲ. ಇದೇ ನಗರದಲ್ಲಿ ಸುಮಾರು ಎರಡು ದಶಕಗಳ ಅನಂತರ ಹುಟ್ಟಿದ ರೇವಾ ಕಾರು ಈ ಸಾಲಿನಲ್ಲಿಯೇ ಅತ್ಯಂತ ದೂರ ಸಾಗಿದ ಪ್ರಯತ್ನ. ಅದರ ಏಳಿಗೆ ಮತ್ತು ಅವನತಿಗಳ ಕಾರಣಗಳನ್ನು, ಅದನ್ನು ಕೊಂಡು ಓಡಿಸಿದವರ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಟ್ಟು ಮತ್ತು ರಚನೆ

ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಗಳ ಜಂಟಿ ಉದ್ಯಮವಾಗಿ ಸ್ಥಾಪಿತವಾಯಿತು. ಇದರ ರೂವಾರಿಯಾದ ಚೇತನ್ ಮೈನಿಯವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1990ರಲ್ಲಿ ಅಮೆರಿಕದ ಸೌರಕಾರು ಸ್ಪರ್ಧೆಯನ್ನು ಗೆದ್ದ ‘ಸನ್‌ರನ್ನರ್’ ತಂಡದಲ್ಲಿದ್ದವರು. ಸ್ಟ್ಯಾನ್‌ಫರ್ಡ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿ, ಅಮೆರಿಗಾನ್‌ನಲ್ಲಿ ಕೆಲಸ ಮಾಡಿದ ಬಳಿಕ ಅವರು ಬೆಂಗಳೂರಿಗೆ ಮರಳಿದರು. ರೇವಾ ಎಂಬುದು ನರ್ಮದಾ ನದಿಯ ಪ್ರಾಚೀನ ಹೆಸರು. ಅವರ ತಾಯಿಯ ಹೆಸರೂ ಅದೇ.

ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಬೆಂಗಳೂರಿನಲ್ಲಿ. ಉದ್ದ ಸುಮಾರು 2.6 ಮೀಟರ್, ಅಂದರೆ ಮಾರುತಿ 800ಕ್ಕಿಂತಲೂ ಸುಮಾರು 70 ಸೆಂಟಿಮೀಟರ್ ಕಡಿಮೆ. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಸಣ್ಣಪುಟ್ಟ ತಾಕುವಿಕೆಗೆ ನೆಗ್ಗದ, ತುಕ್ಕು ಹಿಡಿಯದ ಪ್ಲಾಸ್ಟಿಕ್ ಹೊದಿಕೆ. ಕ್ಲಚ್ ಇಲ್ಲ, ಗೇರು ಬದಲಿಸುವ ಗೋಜಿಲ್ಲ. ಬ್ರೇಕು ಒತ್ತಿದಾಗ ಮೋಟಾರೇ ಜನರೇಟರಿನಂತೆ ವರ್ತಿಸಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಹಿಂತಿರುಗಿಸುವ ವ್ಯವಸ್ಥೆಯಿತ್ತು. ಮುಂದಿನ ಆಸನಗಳ ಕೆಳಗೆ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಜೋಡಿಸಲಾಗಿತ್ತು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಪೂರ್ತಿ ಚಾರ್ಜ್ ಆಗಲು ಎಂಟು ಗಂಟೆ ಬೇಕು. ಮೊದಲ ಎರಡೂವರೆ ಗಂಟೆಯಲ್ಲೇ ಶೇ. 80ರಷ್ಟು ತುಂಬುತ್ತಿತ್ತು. ಒಮ್ಮೆ ತುಂಬಿದರೆ 80 ಕಿಲೋಮೀಟರ್ ಓಡುವುದೆಂಬುದು ತಯಾರಕರ ಲೆಕ್ಕ.

ಈ ವಿವರಗಳಲ್ಲಿ ಗಮನಿಸಬೇಕಾದದ್ದು ತೂಕದ ಹಂಚಿಕೆಯನ್ನು. ಇಡೀ ಕಾರಿನ ತೂಕದಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲು ಬ್ಯಾಟರಿಗಳದೇ ಆಗಿತ್ತು. ಅಷ್ಟು ಭಾರ ಹೊತ್ತರೂ ಅವು ಹಿಡಿದಿಡುತ್ತಿದ್ದ ವಿದ್ಯುತ್ತು ಸುಮಾರು ಒಂಬತ್ತೂವರೆ ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಗಿಂತ ಹೆಚ್ಚೇನೂ ಅಲ್ಲ. ಅಷ್ಟರಲ್ಲಿಯೇ ನಾಲ್ಕು ಚಕ್ರದ ವಾಹನವೊಂದನ್ನು 80 ಕಿಲೋಮೀಟರ್ ಓಡಿಸಿದ್ದು ತಂತ್ರಜ್ಞರ ಸಾಧನೆಯೇ ಸರಿ. ರೇವಾವನ್ನು ಆಟಿಕೆಯೆಂದು ಹಾಸ್ಯ ಮಾಡಿದವರು ಈ ಲೆಕ್ಕವನ್ನು ನೋಡಿದಂತಿಲ್ಲ.

ಬೆಂಗಳೂರಿನ ಬಳಕೆದಾರರು

ಬೆಂಗಳೂರಿನಲ್ಲಿ ರೇವಾ ಕೊಂಡವರಲ್ಲಿ ಹೆಚ್ಚಿನವರ ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಕಾರು ಮೊದಲೇ ಇತ್ತು. ಬಸವನಗುಡಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಹೋಗಿಬರಲು 20 ಕಿಲೋಮೀಟರ್ ಆಗುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು, ಮಾರುಕಟ್ಟೆ, ಬ್ಯಾಂಕು, ಆಸ್ಪತ್ರೆ, ನೆಂಟರ ಮನೆ ಎಲ್ಲವೂ ಒಂದು ಚಾರ್ಜಿನಲ್ಲಿ ಮುಗಿಯುತ್ತಿದ್ದವು. ಸಂದಿಗಳಲ್ಲಿ ಸುಲಭವಾಗಿ ತಿರುಗುತ್ತಿದ್ದ, ಎಡಗಾಲಿಗೆ ಕೆಲಸವಿಲ್ಲದ ಈ ಕಾರು ವಯಸ್ಸಾದವರಿಗೂ ಹೊಸದಾಗಿ ಕಾರು ಕಲಿತವರಿಗೂ ಒಗ್ಗಿತು. ವಾಹನದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತಾಗ ಪೆಟ್ರೋಲ್ ಕಾರು ಇಂಧನ ಸುಡುತ್ತಲೇ ಇರುತ್ತದೆ. ನಿಂತ ರೇವಾದ ಮೋಟಾರು ಏನನ್ನೂ ಬೇಡುತ್ತಿರಲಿಲ್ಲ. ಈ ನಗರದ ರಸ್ತೆಗಳಿಗೆ ಇದೊಂದು ಗುಣವೇ ಸಾಕಿತ್ತು ಎನ್ನಬಹುದು.

ಅನುಕೂಲಗಳ ಎದುರಿಗೆ ಕೆಲವು ಶಿಸ್ತುಗಳು ಬೇಕಾಗಿದ್ದವು. ಹೊರಡುವ ಮುನ್ನ ಮಾಲೀಕನು ದಿನದ ಓಡಾಟವನ್ನು ಮನಸ್ಸಿನಲ್ಲೇ ಕೂಡಿಸಿ ನೋಡಬೇಕು. ಏರು, ಮೇಲ್ಸೇತುವೆ, ಹವಾನಿಯಂತ್ರಕ, ಮಳೆಗಾಲದ ಸಂಜೆಯ ದೀಪಗಳು ಇವೆಲ್ಲವೂ ಆ ಲೆಕ್ಕದಿಂದ ಕಿಲೋಮೀಟರುಗಳನ್ನು ಕಳೆಯುತ್ತಿದ್ದವು. ಸ್ವಂತ ಮನೆಯಿದ್ದು ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಗ್ ಹಾಕಿಸಿಕೊಳ್ಳಬಲ್ಲವನಿಗೆ ತೊಂದರೆಯಿರಲಿಲ್ಲ. ಬಹುಮಹಡಿ ವಸತಿಯಲ್ಲಿದ್ದವನು ನೆಲಮಾಳಿಗೆಗೆ ತನ್ನ ಮೀಟರಿನಿಂದ ತಂತಿ ಎಳೆಸಲು ನಿವಾಸಿಗಳ ಸಂಘದ ಒಪ್ಪಿಗೆ ಪಡೆಯಬೇಕಾಗಿತ್ತು. ಮೈಸೂರಿಗೆ ಹೊರಟರೆ ಮನೆಯ ಇನ್ನೊಂದು ಕಾರೇ ಗತಿ.

ಎಲ್ಲಕ್ಕಿಂತ ಮುಖ್ಯವಾದ ಅನುಭವ ಬ್ಯಾಟರಿ ಹಳೆಯದಾಗುವುದು. ಸೀಸ-ಆಮ್ಲ ಬ್ಯಾಟರಿಯ ಸ್ವಭಾವವೇ ಅಂಥದು. ಅದನ್ನು ಪದೇ ಪದೇ ಪೂರ್ತಿ ಬರಿದು ಮಾಡಿದರೆ, ಬರಿದಾದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ, ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ 80 ಕಿಲೋಮೀಟರಿನ ಕಾರು ವರ್ಷಗಳು ಕಳೆದಂತೆ 60ರ ಕಾರಾಗಿ, ಆಮೇಲೆ 50ರ ಕಾರಾಗಿ ಕುಗ್ಗುತ್ತಿತ್ತು. ಪೆಟ್ರೋಲ್ ಕಾರಿನ ಟ್ಯಾಂಕು ಎಷ್ಟೇ ಹಳೆಯದಾದರೂ ಅದರ ಅಳತೆ ಕಿರಿದಾಗುವುದಿಲ್ಲ; ಇಲ್ಲಿ ಟ್ಯಾಂಕೇ ಸವೆಯುತ್ತಿತ್ತು. ಮೂರು ನಾಲ್ಕು ವರ್ಷಗಳಿಗೊಮ್ಮೆ ಎಂಟೂ ಬ್ಯಾಟರಿಗಳನ್ನು ಒಟ್ಟಿಗೆ ಬದಲಿಸುವುದು ಅನಿವಾರ್ಯವಾಯಿತು.

ಕಿಲೋಮೀಟರಿಗೆ 40 ಪೈಸೆ ಎಂಬ ಪ್ರಸಿದ್ಧ ಲೆಕ್ಕ ವಿದ್ಯುತ್ತಿನದು ಮಾತ್ರ. ಬ್ಯಾಟರಿಯ ಬೆಲೆಯನ್ನು ಅದು ಓಡುವ ದೂರಕ್ಕೆ ಹಂಚಿದರೆ ಚಿತ್ರ ಬೇರೆಯಾಗುತ್ತದೆ. ವಾಸ್ತವದಲ್ಲಿ ಕೊಳ್ಳುವವನು ಮುಂದಿನ ಮೂರು ವರ್ಷಗಳ ಇಂಧನದ ದೊಡ್ಡ ಪಾಲನ್ನು ಮೊದಲ ದಿನವೇ ಮುಂಗಡವಾಗಿ ಕೊಟ್ಟುಬಿಡುತ್ತಿದ್ದ. ಪೆಟ್ರೋಲಿಗೆ ವಾರವಾರ ಹಣ ತೆರುವುದು ಯಾರಿಗೂ ಖರ್ಚೆನಿಸುವುದಿಲ್ಲ. ಒಂದೇ ಸಲ ಬರುವ ಬ್ಯಾಟರಿಯ ಬಿಲ್ಲು ಮಾತ್ರ ನಷ್ಟವೆನಿಸುತ್ತದೆ. ರೇವಾ ಕುರಿತ ಅಸಮಾಧಾನದ ಬಹುಭಾಗಕ್ಕೆ ಮೂಲ ಈ ಮುಂಗಡದಲ್ಲಿದೆ. ಅದನ್ನು ಬಳಕೆದಾರನೊಬ್ಬನೇ ಹೊರಬೇಕಾದ ಊರಿನಲ್ಲಿ ರೇವಾ ಬೆಳೆಯಲಿಲ್ಲ. ಬೇರೊಂದು ಬಗೆಯಲ್ಲಿ ಅದು ತುಂಬಿಬಂದ ಊರಿನಲ್ಲಿ ಬೆಳೆಯಿತು.

ಲಂಡನ್ನಿನ ಏಳಿಗೆ

ಆ ಊರು ಲಂಡನ್. 2003ರ ಫೆಬ್ರುವರಿಯಲ್ಲಿ ಲಂಡನ್ ನಗರಾಡಳಿತವು ಕೇಂದ್ರಭಾಗವನ್ನು ಪ್ರವೇಶಿಸುವ ವಾಹನಗಳ ಮೇಲೆ ದಿನಕ್ಕೆ 5 ಪೌಂಡಿನ ದಟ್ಟಣೆ ಶುಲ್ಕ ವಿಧಿಸಿತು. 2005ರ ಜುಲೈಯಲ್ಲಿ ಅದು 8 ಪೌಂಡಿಗೆ ಏರಿತು. ವಿದ್ಯುತ್ ವಾಹನಗಳಿಗೆ ವಿನಾಯಿತಿ ಇತ್ತು. 2004ರಿಂದ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟವಾದ ರೇವಾಕ್ಕೆ ಈ ವಿನಾಯಿತಿಯ ಜೊತೆಗೆ ರಸ್ತೆ ತೆರಿಗೆಯಿಂದಲೂ ಬಿಡುಗಡೆ, ಕೆಲವು ಬಡಾವಣೆಗಳಲ್ಲಿ ಉಚಿತ ನಿಲುಗಡೆ ದೊರೆತವು. ವರ್ಷಕ್ಕೆ 250 ಕೆಲಸದ ದಿನಗಳೆಂದು ಹಿಡಿದರೆ ಉಳಿದ ದಟ್ಟಣೆ ಶುಲ್ಕವೇ 2,000 ಪೌಂಡ್. ಏಳೆಂಟು ಸಾವಿರ ಪೌಂಡಿನ ಕಾರು ನಾಲ್ಕು ವರ್ಷಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತಿತ್ತು. ಚಳಿಗಾಲದಲ್ಲಿ ಬ್ಯಾಟರಿ ಕುಗ್ಗಿ ಓಡುವ ದೂರ ಕಡಿಮೆಯಾದರೂ ಅಲ್ಲಿನ ಮಾಲೀಕರು ಸಹಿಸಿಕೊಂಡದ್ದು ಈ ಲೆಕ್ಕದಿಂದ. ಸಾವಿರದಷ್ಟು ಕಾರುಗಳು ಆ ಒಂದೇ ನಗರದಲ್ಲಿ ಓಡಾಡಿದವು. ಬೊಮ್ಮಸಂದ್ರದಲ್ಲಿ ತಯಾರಾದ ಕಾರು ಒಂದು ಕಾಲಕ್ಕೆ ಲಂಡನ್ನಿನ ಅತ್ಯಂತ ಪರಿಚಿತ ವಿದ್ಯುತ್ ವಾಹನವಾಗಿತ್ತು. ನಾರ್ವೆಯಲ್ಲಿಯೂ ಇಂಥದೇ ರಿಯಾಯಿತಿಗಳ ನೆರಳಿನಲ್ಲಿ ರೇವಾ ಮಾರಾಟವಾಯಿತು.

ಆದರೆ ಬ್ರಿಟನ್ನಿನ ಕಾನೂನು ರೇವಾವನ್ನು ಕಾರೆಂದು ಪರಿಗಣಿಸಿರಲಿಲ್ಲ. ಬ್ಯಾಟರಿ ಬಿಟ್ಟು 400 ಕಿಲೋ ಮೀರದ, 15 ಕಿಲೋವಾಟ್ ದಾಟದ ‘ಕ್ವಾಡ್ರಿಸೈಕಲ್’ ಎಂಬ ವರ್ಗದಲ್ಲಿ ಅದಕ್ಕೆ ಅನುಮತಿ ಸಿಕ್ಕಿತ್ತು. ಆ ವರ್ಗಕ್ಕೆ ಕಾರುಗಳ ಡಿಕ್ಕಿ ಪರೀಕ್ಷೆ ಕಡ್ಡಾಯವಲ್ಲ. 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ಮಾಡಿಸಿದ ಡಿಕ್ಕಿ ಪರೀಕ್ಷೆಯಲ್ಲಿ ಒಳಗಿದ್ದವರಿಗೆ ಪ್ರಾಣಾಪಾಯವಾಗುವಷ್ಟು ಗಾಯಗಳಾಗುವ ಸಂಭವ ಕಂಡುಬಂದಿತು. ನಗರದ ನಿಧಾನಗತಿಗೆಂದು ಮಾಡಿದ ವಾಹನವನ್ನು ಹೆದ್ದಾರಿಯ ಕಾರಿನಂತೆ ಪರೀಕ್ಷಿಸಿದ್ದು ಅನ್ಯಾಯವೆಂಬ ವಾದವನ್ನು ತಳ್ಳಿಹಾಕಲಾಗದು; ಹಾಗೆಂದು ರಸ್ತೆಯಲ್ಲಿ ಎದುರಿಗೆ ಬರುವ ದೊಡ್ಡ ಕಾರು ಈ ಭೇದವನ್ನು ಅರಿಯುವುದಿಲ್ಲ. ಕಂಪನಿ ಚೌಕಟ್ಟನ್ನು ಬಲಪಡಿಸಿ, ಪರ್ಯಾಯ ವಿದ್ಯುತ್ ಮೋಟಾರಿನ ಮಾದರಿಯನ್ನೂ 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿಯನ್ನೂ ತಂದಿತು. ಲಿಥಿಯಂ ಮಾದರಿ 120 ಕಿಲೋಮೀಟರ್ ಓಡುತ್ತಿತ್ತು, ಬೆಲೆ ಮಾತ್ರ ಬಹಳ ಹೆಚ್ಚಿತ್ತು.

2011ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ವಿದ್ಯುತ್ ಕಾರುಗಳಿಗೆ 5,000 ಪೌಂಡ್‌ವರೆಗಿನ ಸಹಾಯಧನ ಆರಂಭಿಸಿದಾಗ ಅದು ಸಂಪೂರ್ಣ ಕಾರುಗಳಿಗಷ್ಟೇ ಅನ್ವಯಿಸಿತು. ನಿಸ್ಸಾನ್ ಲೀಫ್‌ನಂಥ ದೊಡ್ಡ ಸಂಸ್ಥೆಯ ಕಾರಿಗೆ ಸಹಾಯ, ಕ್ವಾಡ್ರಿಸೈಕಲ್ ಆದ ರೇವಾಕ್ಕೆ ಇಲ್ಲ. ಯಾವ ವರ್ಗೀಕರಣವು ಅಗ್ಗವಾಗಿ ಒಳಬರಲು ಬಾಗಿಲು ತೆರೆದಿತ್ತೋ ಅದೇ ಈಗ ಹೊರಗೆ ನಿಲ್ಲಿಸಿತು. ಅದೇ ವರ್ಷ ಅಲ್ಲಿನ ಮಾರಾಟ ನಿಂತಿತು. ಆ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಮಾರಾಟವಾಗಿದ್ದ ರೇವಾಗಳ ಒಟ್ಟು ಸಂಖ್ಯೆ 4,000ವನ್ನು ಸ್ವಲ್ಪ ದಾಟಿತ್ತು. ಹತ್ತು ವರ್ಷಗಳ ದುಡಿಮೆಗೆ ಇದು ಚಿಕ್ಕ ಸಂಖ್ಯೆ. ಆ ದಶಕದ ವಿದ್ಯುತ್ ಕಾರುಗಳ ಲೋಕದಲ್ಲಿ ಚಿಕ್ಕದಲ್ಲ.

ಹೆಸರು ಮಾಸಿದ ಬಗೆ

ಕಂಪನಿಗೆ 2006ರ ಕೊನೆಯಲ್ಲಿ ಅಮೆರಿಕದ ಹೂಡಿಕೆದಾರರಿಂದ 2 ಕೋಟಿ ಡಾಲರ್ ಬಂದಿತ್ತು. 2009ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಹೊಸ ಮಾದರಿಗಳನ್ನು ತೋರಿಸಲಾಯಿತು. ಆದರೆ ಮುಂದಿನ ಕಾರಿಗೆ ಬೇಕಾದ ಬಂಡವಾಳ ಇನ್ನೂ ದೊಡ್ಡದು. 2010ರ ಮೇ ತಿಂಗಳಿನಲ್ಲಿ ಮಹೀಂದ್ರ ಸಂಸ್ಥೆ ಶೇ. 55.2ರಷ್ಟು ಪಾಲನ್ನು ಕೊಂಡಿತು, ಕಂಪನಿ ಮಹೀಂದ್ರ ರೇವಾ ಆಯಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರುಗಳ ಸಾಮರ್ಥ್ಯದ ಹೊಸ ಕಾರ್ಖಾನೆ ತೆರೆಯಿತು. ಹಳೆಯ ರೇವಾದ ತಯಾರಿಕೆ ಅದೇ ವರ್ಷ ಕೊನೆಗೊಂಡಿತು.

ಉತ್ತರಾಧಿಕಾರಿಯಾಗಿ ಬಂದ ಇ2ಒ ಕಾರಿನ ದುರದೃಷ್ಟ ಕಾಲಕ್ಕೆ ಸಂಬಂಧಿಸಿದ್ದು. ಕೇಂದ್ರ ಸರ್ಕಾರ 2010ರ ನವೆಂಬರಿನಲ್ಲಿ ಘೋಷಿಸಿದ್ದ, ಕಾರೊಂದಕ್ಕೆ ಗರಿಷ್ಠ 1 ಲಕ್ಷ ರೂಪಾಯಿಯ ಸಹಾಯಧನ 2012ರ ಮಾರ್ಚಿಗೆ ಮುಗಿದಿತ್ತು. ಇ2ಒ ಬಿಡುಗಡೆಯಾದದ್ದು 2013ರ ಮಾರ್ಚಿನಲ್ಲಿ. ಕೇಂದ್ರದ ಮುಂದಿನ ಯೋಜನೆಯಾದ ‘ಫೇಮ್’ ಬಂದದ್ದು 2015ರ ಏಪ್ರಿಲಿನಲ್ಲಿ. ನಡುವಿನ ಎರಡು ವರ್ಷಗಳಲ್ಲಿ, ರಾಜ್ಯ ಸರ್ಕಾರದ ನೆರವಿದ್ದ ದೆಹಲಿಯಲ್ಲಿಯೂ ಸುಮಾರು 6 ಲಕ್ಷ ರೂಪಾಯಿ ಬಿದ್ದ ಈ ಕಾರು, ಅದಕ್ಕಿಂತ ಎಷ್ಟೋ ಅಗ್ಗವಾದ ಪೆಟ್ರೋಲ್ ಕಾರುಗಳೆದುರು ನಿಲ್ಲಬೇಕಾಯಿತು. ಹೊಸ ಕಾರ್ಖಾನೆಯ ಸಾಮರ್ಥ್ಯಕ್ಕೆ ತಕ್ಕ ಬೇಡಿಕೆ ಹುಟ್ಟಲೇ ಇಲ್ಲ.

2014ರಲ್ಲಿ ಕಂಪನಿ ಮಾಡಿದ ಒಂದು ಪ್ರಯೋಗ ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಕಾರಿನ ಬೆಲೆಯನ್ನು 4.99 ಲಕ್ಷಕ್ಕೆ ಇಳಿಸಿ, ಬ್ಯಾಟರಿಗೆ ಬದಲಾಗಿ ಐದು ವರ್ಷ ತಿಂಗಳಿಗೆ 2,599 ರೂಪಾಯಿ ‘ಶಕ್ತಿ ಶುಲ್ಕ’ ಪಡೆಯುವ ಏರ್ಪಾಡು ಅದು. ಮೊದಲ ರೇವಾದ ಮಾಲೀಕರು ಹತ್ತು ವರ್ಷ ಕಾಲ ತಮ್ಮ ಕೈಯಿಂದ ಹಣ ತೆತ್ತು ಕಂಡುಕೊಂಡ ಸತ್ಯವನ್ನು, ಎಂದರೆ ಬ್ಯಾಟರಿ ಕಾರಿನ ಭಾಗವಲ್ಲ, ಇಂಧನದ ಭಾಗ ಎಂಬುದನ್ನು ತಯಾರಕರು ಒಪ್ಪಿಕೊಂಡಂತಾಯಿತು. ಏರ್ಪಾಡು ಸರಿಯಾಗಿತ್ತು, ಆ ಹೊತ್ತಿಗೆ ಬಳಕೆದಾರನಲ್ಲಿ ಅನುಮಾನ ಬೇರೂರಿತ್ತು.

2016ರಲ್ಲಿ ಸಂಸ್ಥೆಯ ಹೆಸರು ಮಹೀಂದ್ರ ಎಲೆಕ್ಟ್ರಿಕ್ ಎಂದಾದಾಗ ರೇವಾ ಎಂಬ ಪದ ಫಲಕದಿಂದ ಇಳಿಯಿತು. ಅದೇ ವರ್ಷ ಇ2ಒ ಬ್ರಿಟನ್ನಿಗೂ ಹೋಯಿತು, ಹೆಚ್ಚು ಕಾಲ ಉಳಿಯಲಿಲ್ಲ. ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ್ದು 2017ರಲ್ಲಿ, ಬೊಮ್ಮಸಂದ್ರದಲ್ಲಿ ಕೊನೆಯ ರೇವಾ ತಯಾರಾಗಿ ಐದು ವರ್ಷಗಳಾದ ಮೇಲೆ. ನಾಲ್ಕು ಬಾಗಿಲಿನ ಇ2ಒ ಪ್ಲಸ್ ಕೂಡ 2019ರಲ್ಲಿ ನಿಂತಿತು. ಚೇತನ್ ಮೈನಿಯವರು ಅಷ್ಟರಲ್ಲಿ ಕಾರು ತಯಾರಿಕೆಯಿಂದ ಹೊರಬಂದು, 2017ರಲ್ಲಿ ಸನ್ ಮೊಬಿಲಿಟಿ ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲೇ ಕಟ್ಟಲು ತೊಡಗಿದ್ದರು. ಅದರ ಕೆಲಸ ವಾಹನ ಮಾಡುವುದಲ್ಲ. ಬರಿದಾದ ಬ್ಯಾಟರಿಯನ್ನು ತೆಗೆದುಕೊಂಡು ತುಂಬಿದ ಬ್ಯಾಟರಿಯನ್ನು ಕೊಟ್ಟು, ಬಳಸಿದಷ್ಟಕ್ಕೆ ಮಾತ್ರ ಹಣ ಪಡೆಯುವುದು.