ಹಟ್ಟಿಯ ಹಾಡು, ಕಾವಲಿನ ಹಕ್ಕು

ಕಡೂರು, ತರೀಕೆರೆ, ಅಜ್ಜಂಪುರದ ಬಯಲುಸೀಮೆಯಲ್ಲಿ ಸುತ್ತಾಡಿದರೆ ಊರ ಹೆಸರಿನ ಜೊತೆ ‘ಗೊಲ್ಲರಹಟ್ಟಿ’ ಎಂದು ಬರೆದ ಫಲಕಗಳು ಸಿಗುತ್ತಲೇ ಇರುತ್ತವೆ. ಇವು ಊರಿಂದ ತುಸು ದೂರದಲ್ಲಿರುವ ಕಾಡುಗೊಲ್ಲರ ನೆಲೆಗಳು. ಹಿಂದೆ ಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ಕುರಿಯ ರೊಪ್ಪ, ಗುಡಿಸಲು, ದೇವರ ಗುಡಿ ಇರುತ್ತಿದ್ದವು. ದನ ಕಾದ ವೀರ ಜುಂಜಪ್ಪ ಈ ಜನರ ದೈವ. ಅವನ ಕಥೆಗೆ ದನಿಗೂಡಿಸುವುದು ಗಣೆ, ಎರಡು ಮೊಳದಷ್ಟು ಉದ್ದದ ಬಿದಿರ ಕೊಳಲು. ಅದಕ್ಕೂ ಪೂಜೆಯುಂಟು.

ಈ ಬದುಕನ್ನು ಬರಹಕ್ಕಿಳಿಸುವ ಕೆಲಸ ಮೈಸೂರು ಸಂಸ್ಥಾನದ ಕಾಲದಲ್ಲೇ ಶುರುವಾಯಿತು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಜನಾಂಗ ಸಮೀಕ್ಷೆ ಊರುಗೊಲ್ಲರೇ ಬೇರೆ, ಕಾಡುಗೊಲ್ಲರೇ ಬೇರೆ ಎಂದು ಗುರುತಿಸಿತು. ಆಗ ಕಂಡದ್ದು ಹೊರಗಿನವರ ಕಣ್ಣಿಗೆ ಬಿದ್ದಷ್ಟು. ಸ್ವಾತಂತ್ರ್ಯಾನಂತರ ಕನ್ನಡದ ಜಾನಪದ ವಿದ್ವಾಂಸರು ಹಟ್ಟಿಯೊಳಗೇ ಹೋಗಿ ಕೂತರು. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯಗಳನ್ನು ಅಧ್ಯಯನ ಮಾಡಿದರು. ಚಳ್ಳಕೆರೆ ಸೀಮೆಯ ಹಾಡುಗಾತಿ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಅಕ್ಷರ ಕಲಿಯದ ಆ ಅಜ್ಜಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಕನ್ನಡ ಜಾನಪದ ಹೆಮ್ಮೆಪಡಬೇಕಾದ ಘಟ್ಟವಿದು.

ಹಾಡು ಪುಸ್ತಕ ಸೇರಿತು. ಹಾಡು ಹುಟ್ಟಿದ ಬಯಲಿನ ಕಥೆ ಮಾತ್ರ ಬೇರೆ.

ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತ ಮಹಲ್’ ಎಂದು ಕರೆದ. ಅರಮನೆಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲು ಎಂಬ ವಿಂಗಡಣೆಯಿತ್ತು. ಯಾವ ತಿಂಗಳು ಎಲ್ಲಿ ಹುಲ್ಲು, ಎಲ್ಲಿ ನೀರು ಎಂಬ ಪಶುಪಾಲಕರ ತಿಳಿವಳಿಕೆಯೇ ಇದಕ್ಕೆ ಆಧಾರ. 1860ರಲ್ಲಿ ಬ್ರಿಟಿಷರು ಹಿಂಡನ್ನು ಮಾರಿ, 1866ರಲ್ಲಿ ಮತ್ತೆ ಕಟ್ಟಿದರು. 1929ರಲ್ಲಿ ಅಜ್ಜಂಪುರದಲ್ಲಿ ಈ ದನಗಳ ತಳಿ ಸಂವರ್ಧನಾ ಕೇಂದ್ರ ಬಂತು. ಕಾಲಕ್ರಮದಲ್ಲಿ ಎಷ್ಟೋ ಕಾವಲುಗಳು ಸಾಗುವಳಿಗೆ, ಯೋಜನೆಗಳಿಗೆ ಹೋದವು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಗಿ, ಕೃಷ್ಣಮೃಗಕ್ಕೆ ಆಸರೆ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ತಳಿಗೆ, ಜಿಂಕೆಗೆ ತೋರಿದ ಕಾಳಜಿ ಮಂದೆ ಕಾಯುವವರಿಗೂ ಸಲ್ಲಬೇಕಿತ್ತು.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತವೂ ಪರವಾಗಿ ಮತ ಹಾಕಿತು. ಆದರೆ ನಮ್ಮಲ್ಲಿ ಹಕ್ಕು ನಿಂತಿರುವುದು ಪರಿಶಿಷ್ಟರ ‘ಪಟ್ಟಿ’ಯ ಮೇಲೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿ ವರ್ಷಗಳೇ ಉರುಳಿವೆ. 2020ರಲ್ಲಿ ಪ್ರತ್ಯೇಕ ಅಭಿವೃದ್ಧಿ ನಿಗಮವೂ ಘೋಷಣೆಯಾಯಿತು. ಪಟ್ಟಿಗೆ ಮಾತ್ರ ಹೆಸರು ಏರಿಲ್ಲ.

ಹಕ್ಕು ಕೇಳುವಾಗಲೂ ಹಟ್ಟಿಯೊಳಗಿನ ಅನ್ಯಾಯವನ್ನು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚಿಡುವಂತಿಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಊರಾಚೆ ಇರಿಸುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. 2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಗೆ ಕೆಲಸಕ್ಕೆ ಬಂದ ದಲಿತ ಯುವಕನೊಬ್ಬನ ಮೇಲೆ, ಹಟ್ಟಿಯೊಳಗೆ ಕಾಲಿಟ್ಟನೆಂದು ಹಲ್ಲೆ ನಡೆದ ದೂರು ಪೊಲೀಸ್ ಠಾಣೆ ಮುಟ್ಟಿತು. ಇಂಥ ಕಟ್ಟಳೆಗಳು ಮುರಿಯಲೇಬೇಕು. ಮುರಿಯುವ ಮಾತು ಹಟ್ಟಿಯ ಹೆಣ್ಣುಮಕ್ಕಳಿಂದಲೇ ಬಂದರೆ ಅದಕ್ಕೆ ಬಲ ಹೆಚ್ಚು.

ಪಟ್ಟಿ, ಲೆಕ್ಕದ ತೊಡಕು ಕಾಡುಗೊಲ್ಲರಿಗಷ್ಟೇ ಅಲ್ಲ; ಇದೇ ಸೀಮೆಯ ಲಂಬಾಣಿಗರ ನೆಲೆಗಳಾದ ತಾಂಡಾಗಳದು ಭಾಷೆಯ ಪ್ರಶ್ನೆ. ಮನೆಯಲ್ಲಿ ಆಡುವ ಗೋರಬೋಲಿಯನ್ನು 2011ರ ಜನಗಣತಿ ಹಿಂದಿಯ ಲೆಕ್ಕಕ್ಕೆ ಸೇರಿಸಿದೆ. ಬೇರೊಂದು ಭಾಷೆಯ ಲೆಕ್ಕದಲ್ಲಿ ಕರಗಿದ ನುಡಿಗೆ ಪಠ್ಯ ಸಿಗುವುದು ಕಷ್ಟ.

ಇನ್ನು ನೆಲದ ಮಾತು. ರಾಜ್ಯದ ಭೂಸುಧಾರಣಾ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ತಾಂಡಾ, ಗೊಲ್ಲರಹಟ್ಟಿಗಳನ್ನು ಹೆಸರಿಸಿಯೇ, ದಾಖಲೆಯಿಲ್ಲದ ನೆಲೆಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಹಕ್ಕುಪತ್ರದ ದಾರಿ ತೆರೆಯಿತು. ಮೇಯಿಸುವ ನೆಲಕ್ಕೆ ಇಷ್ಟು ಸಲೀಸು ದಾರಿಯಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು ಒಪ್ಪುತ್ತದೆ; ಆದರೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿ ಕಾಡನ್ನೇ ನೆಚ್ಚಿದ್ದನ್ನು ರುಜುವಾತು ಮಾಡಬೇಕು. ಹುಲ್ಲಿದ್ದಲ್ಲಿಗೆ ಮಂದೆ ಹೊಡೆದುಕೊಂಡು ಹೋದ ಅಜ್ಜನ ಹೆಸರಿನಲ್ಲಿ ಕಾಗದ ಎಲ್ಲಿಂದ ತರುವುದು? ಆದರೆ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬೇಕೆಂದು ಅದೇ ಕಾಯ್ದೆಯ ನಿಯಮಗಳು ಹೇಳುತ್ತವೆ. ಯಾವ ಕಾವಲಿನಲ್ಲಿ ಯಾರ ಮಂದೆ ಮೇಯುತ್ತಿತ್ತೆಂದು ಬಾಯಲ್ಲೇ ಹೇಳಬಲ್ಲ ಮುದುಕರು ಹಟ್ಟಿಗಳಲ್ಲಿ ಇನ್ನೂ ಇದ್ದಾರೆ.